ಸಂಜೆ ತೆಗೆದ ಬೆಳಗು

ಕುಕ್ಕರಿನ ವಿಸಿಲ್ ಒಮ್ಮೆ ನಡುಗಿತು. ಅದು ಕೂಗುವ ಮುನ್ನವೇ ಲತಾಮಣಿ ಗ್ಯಾಸ್ ಆರಿಸಿದಳು. ಆರಿಸಿದ ಕೈಯನ್ನು ಅಲ್ಲೇ ಇಟ್ಟುಕೊಂಡು ಗೋಡೆಗೆ ಒರಗಿ, ಸದ್ದಿಲ್ಲದೆ ನಿಂತಳು.

ನಡುಮನೆಯಲ್ಲಿ ನಯನಾ ಫೋನಿನ ಮುಂದೆ ಕೂತಿದ್ದಳು. ಹೊರಗೆ ಎಂಟು ಗಂಟೆಯ ಬಿಸಿಲು ಬಿದ್ದಿದ್ದರೂ, ಅರ್ಧ ಎಳೆದ ಪರದೆಯಿಂದಾಗಿ ಒಳಗೆ ನಸುಕಿನಂಥ ಬೆಳಕಿತ್ತು.

"ಎಲ್ಲರಿಗೂ ನಮಸ್ಕಾರ. ಇನ್ನೂ ಸೂರ್ಯ ಹುಟ್ಟಿಲ್ಲ, ಆದ್ರೆ ನನ್ನ ಅರ್ಧ ಕೆಲಸ ಮುಗಿದಿದೆ. ಅಂಗಳ ಗುಡಿಸಿ ರಂಗೋಲಿ ಬಿಟ್ಟಾಯ್ತು, ತಿಂಡಿ ಆಯ್ತು, ಯಜಮಾನರ ಡಬ್ಬಿ ಕಟ್ಟಿದ್ದಾಯ್ತು. ಇಷ್ಟೆಲ್ಲ ಹೇಗೆ ಮಾಡ್ತೀರ ಅಂತ ತುಂಬಾ ಜನ ಅಕ್ಕಂದಿರು ಕೇಳ್ತೀರ. ನನ್ನ ಉತ್ತರ ಇಷ್ಟೇ, 'ನನ್ನ ದಿನ' ಪ್ಲಾನರ್. ಲಿಂಕ್ ಕೆಳಗಿದೆ."

ಅವಳು ಒಂದು ಕ್ಷಣ ನಗುಮುಖ ಹಿಡಿದು ಕೂತಳು. ಆಮೇಲೆ ಫೋನ್ ಎತ್ತಿಕೊಂಡು, "ಆಯ್ತಕ್ಕಾ," ಎಂದಳು.

ಮನೆ ಉಸಿರು ಬಿಟ್ಟಿತು. ಅಡುಗೆಮನೆಯಲ್ಲಿ ಒಲೆ ಮತ್ತೆ ಹತ್ತಿತು. ಪಡಸಾಲೆಯಲ್ಲಿ ಕೂತಿದ್ದ ಅತ್ತೆ ದೊಡ್ಡಲಕ್ಷ್ಮಮ್ಮ ಅಷ್ಟು ಹೊತ್ತು ಹಿಡಿದಿಟ್ಟಿದ್ದ ಕೆಮ್ಮನ್ನೆಲ್ಲ ಒಟ್ಟಿಗೆ ಕೆಮ್ಮಿದರು.

"ಮುಗೀತೇನಮ್ಮಿ ನಿನ್ ನಾಟ್ಕ? ತಡ್ಕಂಡು ತಡ್ಕಂಡು ನನ್ ಎದೆಗೂಡು ಬಿರ್ದೋಗೋ ಹಂಗಾಗಿತ್ತು."

"ನಿಮ್ ಕೆಮ್ಮು ಕೇಳಿದ್ರೆ ತಗೊಳೋರೂ ಓಡೋಗ್ತಾರೆ ಅತ್ತೆ," ಎಂದು ನಯನಾ ನಕ್ಕಳು.

ಆ ಮನೆಯಲ್ಲಿ ಅನ್ನ ಎರಡು ಸಲ ಬೇಯುವುದು ಹೀಗೆ ಮಾಮೂಲಾಗಿತ್ತು.

ನಯನಾ ಮಾರುತ್ತಿದ್ದದ್ದು ಕೈಯಲ್ಲಿ ಹಿಡಿಯುವ ವಸ್ತುವಲ್ಲ. ಫೋನಿನಲ್ಲೇ ತೆರೆದು ತುಂಬಿಸುವ ದಿನಚರಿಯ ಪುಟಗಳು. ಎದ್ದ ಹೊತ್ತು, ಅಡುಗೆ, ಮಕ್ಕಳ ಓದು, ಬಟ್ಟೆ, ಕುಡಿದ ನೀರು, ತನಗಾಗಿ ಇಟ್ಟುಕೊಂಡ ಸಮಯ, ಎಲ್ಲಕ್ಕೂ ಒಂದೊಂದು ಚೌಕ. ಮಾಡಿ ಮುಗಿಸಿ ಬೆರಳಿಟ್ಟರೆ ಚೌಕ ಹಸಿರಾಗುತ್ತಿತ್ತು. ಇದು ಸುಳ್ಳಿನಿಂದ ಶುರುವಾದ ವ್ಯಾಪಾರವೂ ಅಲ್ಲ. ರಾಮನಗರದ ತವರಿನಲ್ಲಿದ್ದಾಗ ಎಂ.ಕಾಂ. ಮುಗಿಸಿ, ಪರೀಕ್ಷೆಯ ಮೇಲೆ ಪರೀಕ್ಷೆ ಬರೆದು, ಯಾವ ಪಟ್ಟಿಯಲ್ಲೂ ಹೆಸರು ಬಾರದೆ ಕೂತಿದ್ದ ಕಾಲದಲ್ಲಿ ಅವಳು ತನ್ನ ಓದಿಗೆಂದು ಅಂಥ ಒಂದು ಪುಟ ಮಾಡಿಕೊಂಡಿದ್ದಳು. ಗೆಳತಿಯರು ಕೇಳಿದರು, ಕೊಟ್ಟಳು. ಅವರ ಗೆಳತಿಯರು ಕೇಳಿದಾಗ ಬೆಲೆ ಇಟ್ಟಳು. ಮದುವೆಯಾಗಿ ಸಾತನೂರಿನ ಬಳಿಯ ಈ ಹಳ್ಳಿಗೆ ಬಂದ ಮೇಲೆ ಓದಿನ ಪುಟ ಗೃಹಿಣಿಯರ ಪುಟವಾಯಿತು. ಆದರೆ ಗೃಹಿಣಿಯರು ಬರೀ ಪುಟ ನೋಡಿ ಕೊಳ್ಳಲಿಲ್ಲ. ಅದನ್ನು ಇಟ್ಟುಕೊಂಡು ಬದುಕುವ ಹೆಂಗಸೊಬ್ಬಳನ್ನು ನೋಡಬೇಕೆಂದರು. ನಯನಾ ಆ ಹೆಂಗಸಾದಳು.

ಅಂಗಳ ಗುಡಿಸಿ ರಂಗೋಲಿ ಬಿಡುತ್ತಿದ್ದವಳು, ತಿಂಡಿ ಮಾಡುತ್ತಿದ್ದವಳು, ನಯನಾಳ ಗಂಡ ಅಶೋಕ್ ಬಿಡದಿಯ ಕಾರ್ಖಾನೆಯ ಶಿಫ್ಟಿಗೆ ಒಯ್ಯುವ ಡಬ್ಬಿ ಕಟ್ಟುತ್ತಿದ್ದವಳು ಲತಾಮಣಿ. ಅಶೋಕನ ಅಣ್ಣ ದೇವರಾಜನ ಹೆಂಡತಿ. ದೇವರಾಜ್ ಕನಕಪುರ ರಸ್ತೆಯಲ್ಲಿ ಬೈಕಿನಿಂದ ಬಿದ್ದು ತೀರಿಕೊಂಡಿದ್ದ. ಮಕ್ಕಳಾಗಿರಲಿಲ್ಲ. ತವರು ಮಾಗಡಿ ಕಡೆಯ ಕಲ್ಯ; ಅಲ್ಲಿ ಅಣ್ಣನ ಸಂಸಾರ. ಅಣ್ಣ ಕರೆಯಲಿಲ್ಲ, ಅವಳೂ ಹೋಗಲಿಲ್ಲ.

"ಅಕ್ಕ, ನೀವೂ ಒಂದ್ಸಲ ವಿಡಿಯೋಲಿ ಬನ್ನಿ," ಎಂದು ನಯನಾ ಕೇಳಿದ್ದುಂಟು.

"ನನ್ ಮೊಕ ಯಾಕೆ ಬುಡವ್ವ," ಎಂದಿದ್ದಳು ಲತಾಮಣಿ.

ಆ ಮಾತನ್ನು ನಯನಾ ಒಪ್ಪಿಗೆಯಂತೆ ಎತ್ತಿಟ್ಟುಕೊಂಡಿದ್ದಳು. ಮನಸ್ಸು ಚುಚ್ಚಿದಾಗಲೆಲ್ಲ ಅದನ್ನು ತೆಗೆದು ನೋಡಿಕೊಳ್ಳುತ್ತಿದ್ದಳು. ಕೇಳಿದ್ದೆನಲ್ಲ, ಅವರೇ ಬೇಡವೆಂದರಲ್ಲ.

ಮನೆಯ ಹಿತ್ತಿಲಿಗೆ ಅಂಟಿಕೊಂಡ ರೇಷ್ಮೆಹುಳದ ಮನೆಯಲ್ಲಿ ಮಾತ್ರ ಲತಾಮಣಿ ಬೇರೆಯೇ ಹೆಂಗಸು. ಅಲ್ಲಿ ಅವಳ ಮಾತಿಗೆ ಅತ್ತೆಯೂ ಎದುರಾಡುತ್ತಿರಲಿಲ್ಲ. ಹುಳ ಹರಡಿದ ಯಾವ ಅಟ್ಟಣೆಗೆ ಎಷ್ಟು ಹಿಪ್ಪುನೇರಳೆ ಸೊಪ್ಪು, ಯಾವಾಗ ಕಿಟಕಿ ತೆರೆಯಬೇಕು, ಯಾರು ಕಾಲು ತೊಳೆಯದೆ ಒಳಗೆ ಬಂದರು, ಎಲ್ಲ ಅವಳ ಲೆಕ್ಕ. ಒಳಗೆ ಸೆಂಟು ಕೂಡದು, ಹೊಗೆಸೊಪ್ಪು ಕೂಡದು, ಊದುಬತ್ತಿ ಕೂಡದು, ಸೊಳ್ಳೆ ಕಾಯಿಲ್ ಅಂತೂ ಹೆಸರೆತ್ತುವಂತಿಲ್ಲ. ಅಕ್ಕಪಕ್ಕದವರ ಹುಳಕ್ಕೆ ರೋಗ ಬಿದ್ದಾಗಲೂ ಇಲ್ಲಿ ಗೂಡು ಕಟ್ಟುತ್ತಿತ್ತು. "ಲತಾ ಕೈಗುಣ," ಎನ್ನುತ್ತಿತ್ತು ಊರು.

ಈ ಸಲದ ಚಾಕಿ, ಅಂದರೆ ಸಾಕಲು ಕೊಳ್ಳುವ ಮರಿಹುಳ, ತಂದ ದಿನ ದೊಡ್ಡಲಕ್ಷ್ಮಮ್ಮ ಯಾವ ಗುಂಗಿನಲ್ಲಿದ್ದರೋ, "ಈ ಬೆಳೆ ನಿನ್ನೆಸ್ರಲ್ಲೇ ಹೋಗ್ಲಿ ಕಣಮ್ಮಿ. ಗೂಡು ನೀನೇ ತಗಂಡೋಗು ಮಾರ್ಕೆಟ್ಗೆ," ಎಂದುಬಿಟ್ಟಿದ್ದರು. ಅಷ್ಟು ವರ್ಷ ಗೂಡು ಬೆಳೆದ ಲತಾಮಣಿ ರಾಮನಗರದ ಗೂಡಿನ ಮಾರುಕಟ್ಟೆಯ ಒಳಗೆ ಕಾಲಿಟ್ಟಿರಲಿಲ್ಲ. ಮೊದಲು ದೇವರಾಜ್ ಒಯ್ಯುತ್ತಿದ್ದ, ಆಮೇಲೆ ಅಶೋಕ್.

ಅಂದು ಸೊಪ್ಪಿನ ಕಡ್ಡಿ ಬಿಡಿಸುತ್ತ ಅವಳು ನಯನಾಳನ್ನು ಕೇಳಿದ್ದಳು. "ಅಲ್ಲಿ ಹೆಸ್ರು ಕೂಗ್ತಾರಾ?"

"ಈಗ ಕೂಗಲ್ಲ ಅಕ್ಕ, ಟೀವೀಲಿ ಬರ್ತದೆ."

"ದೇವರಾಜನ ಹೆಂಡ್ತಿ ಅಂತ ಬತ್ತದಾ, ಲತಾಮಣಿ ಅಂತ ಬತ್ತದಾ?"

"ಲತಾಮಣಿ ಅಂತ್ಲೇ."

ಲತಾಮಣಿ ಬಹಳ ಹೊತ್ತಿನ ತನಕ ಒಂದೇ ಕಡ್ಡಿಯನ್ನು ಕೈಯಲ್ಲಿ ತಿರುಗಿಸುತ್ತ ಕೂತಿದ್ದಳು. "ಮಾರ್ಕೆಟ್ಗೆ ಗೂಡು ಹಾಕಿದ್ ಮೇಲೆ ನಮ್ಮಮ್ಮನ ಮನೇಲೇ ಊಟ, ಆಮೇಲೆ ನಿಮಗೊಂದು ಸೀರೆ," ಎಂದು ನಯನಾ ರೇಗಿಸಿದಾಗ, "ಸೀರೆ ಯಾವ್ಳಿಗೆ ಬೇಕು, ಆ ಟೀವಿ ತೋರ್ಸು ಸಾಕು," ಎಂದಳು.

ಹುಳ ನಾಲ್ಕನೇ ಜ್ವರ ಕಳೆದು ಎದ್ದವು. ಜ್ವರವೆಂದರೆ ಕಾಯಿಲೆಯಲ್ಲ, ಹುಳ ಮೇವು ಬಿಟ್ಟು, ಅಲುಗಾಡದೆ ಕೂತು, ಹಳೆಯ ಚರ್ಮ ಕಳಚುವ ಕಾಲ. ಎದ್ದ ಮೇಲೆ ಅವು ತಿನ್ನುವ ತಿನಿಸಿಗೆ ಮಿತಿಯಿಲ್ಲ. ಹುಳದ ಮನೆಯ ಹೊರಗೆ ನಿಂತರೂ ಮೇಯುವ ಸದ್ದು ಸರಸರನೆ ಕೇಳುತ್ತಿತ್ತು. ಇನ್ನು ಕೆಲವೇ ದಿನ. ಹಣ್ಣಾದ, ಅಂದರೆ ನೂಲು ಬಿಡಲು ಸಿದ್ಧವಾದ, ಹುಳ ಆರಿಸಿ ಚಂದ್ರಿಕೆಯ ಬಿದಿರು ತಟ್ಟಿಗೆ ಬಿಟ್ಟರೆ ಗೂಡು.

ಆ ದಿನಗಳಲ್ಲೇ ನಯನಾಳಿಗೆ ಒಂದು ವಾಯ್ಸ್ ಮೆಸೇಜ್ ಬಂದಿತು. ಚನ್ನಪಟ್ಟಣದ ಶರ್ಫುನ್ನೀಸಾ. ಮನೆಯಲ್ಲೇ ಗೊಂಬೆಗಳಿಗೆ ಬಣ್ಣ ಹಾಕುವವಳು, ಪ್ಲಾನರ್ ಕೊಂಡವಳು.

"ಮೇಡಂ, ನಿಮ್ದು ಪ್ಲಾನರ್ ತಗೊಂಡಿದೀನಿ. ತುಂಬಾ ಚೆನ್ನಾಗಿದೆ. ಆದ್ರೆ ಒಂದು ದಿವಸಾನೂ ಎಲ್ಲಾ ಹಸಿರು ಆಗಿಲ್ಲ ಮೇಡಂ. ಬೆಳಿಗ್ಗೆ ಎದ್ದೇ ಏಳ್ತೀನಿ. ನಮ್ಮತ್ತೆಗೆ ಹುಷಾರಿಲ್ಲ, ಚಿಕ್ಕವನು ಬಿಡಲ್ಲ, ಗೊಂಬೆ ಕೊಡೋ ಟೈಮ್ ಬಂದ್ಬಿಡ್ತದೆ. ಸಂಜೆಗೆ ಫೋನ್ ತೆಗೆದ್ರೆ ಎಲ್ಲಾ ಬಿಳೀನೇ. ನಮ್ಮನೆಯವ್ರು ನಿಮ್ ವಿಡಿಯೋ ತೋರ್ಸಿ, ಅವ್ರೂ ಹೆಂಗಸೇ ಅಲ್ವಾ ಅಂತಾರೆ. ನನ್ನಲ್ಲೇ ಏನೋ ಕಮ್ಮಿ ಇದೆ ಅನ್ಸತ್ತೆ. ನೀವು ಎಲ್ಲಾ ಹೆಂಗೆ ಮಾಡ್ತೀರ, ಸ್ವಲ್ಪ ಹೇಳಿ ಮೇಡಂ."

ಮಾತಿನ ಹಿಂದೆ ಮಗುವೊಂದು ಅಳುತ್ತಿತ್ತು. ಯಾರೋ ನೀರು ಕೇಳುತ್ತಿದ್ದರು. ನಡುವೆ ಕುಕ್ಕರ್ ಉದ್ದಕ್ಕೆ ಕೂಗಿ, ಅವಳ ಒಂದೆರಡು ಮಾತು ಅದರಲ್ಲಿ ಮುಳುಗಿಹೋಗಿದ್ದವು.

ನಯನಾ ಅದನ್ನು ಇನ್ನೊಮ್ಮೆ ಕೇಳಲಿಲ್ಲ. ಎಲ್ಲರಿಗೂ ಕಳಿಸುವ ಸಿದ್ಧ ಉತ್ತರ ಒಂದಿತ್ತು: 'ಒಂದೇ ದಿನಕ್ಕೆ ಆಗಲ್ಲ, ಬಿಡದೆ ಮಾಡಿ, ನಿಮ್ಮಿಂದ ಆಗುತ್ತೆ.' ಅದನ್ನು ಒತ್ತಿದಳು. ಹೋದ ಮೇಲೆ, ಅಲ್ಲಿ ಆ ಹೆಂಗಸು ಅದನ್ನು ಓದುವ ಮುಖ ಕಣ್ಣಿಗೆ ಕಟ್ಟಿದಂತಾಗಿ ಫೋನನ್ನು ಮಗುಚಿಟ್ಟಳು.

ಅವಳ ಜಾಹೀರಾತು ನೋಡಿಕೊಳ್ಳುತ್ತಿದ್ದವನು ಕನಕಪುರದ ಚೈತನ್ಯ. ಪ್ಲಾನರಿನ ಹೊಸ ಆವೃತ್ತಿ ಬಿಡುವ ಮುಂಚೆ ಅವನು ಫೋನ್ ಮಾಡಿದ.

"ಮೇಡಂ, ಅಡ್ಗೆಮನೆ ಟೇಬಲ್ಲು ಎಲ್ರೂ ತೋರುಸ್ತಾರೆ. ನಿಮ್ಮನೇಲಿ ರೇಷ್ಮೆಹುಳ ಇದಾವಂತಲ್ಲ, ಅದ್ ತೋರ್ಸಿ. ಬೆಳಿಗ್ಗೆ ಐದು ಗಂಟೆಗೆ ಹುಳಕ್ಕೆ ಸೊಪ್ಪು ಹಾಕಿ, ಆಮೇಲೆ ಬಿಸಿನೆಸ್ ಮಾಡೋ ಹಳ್ಳಿ ಹೆಣ್ಮಗಳು. ಸಕ್ಕತ್ತಾಗಿ ಓಡ್ತದೆ ನೋಡಿ."

"ಐದು ಗಂಟೆಗೆ ಅಲ್ಲಿ ನಮ್ಮಕ್ಕ ಇರ್ತಾರೆ."

"ಸಂಜೆ ತೆಗೀರಿ ಮೇಡಂ. ಕ್ಯಾಮರಾಗೆ ಬೆಳಗೂ ಒಂದೇ, ಬೈಗೂ ಒಂದೇ."

ಅವನ ಮಾತು ನಿಜವಾಗಿತ್ತು. ಆ ಸಂಜೆ ಪಕ್ಕದ ವರಲಕ್ಷ್ಮಮ್ಮನ ಮನೆಯಲ್ಲಿ ಹುಳ ಹಣ್ಣಾಗಿದ್ದವು. ಹಣ್ಣಾದ ಹುಳ ಕಾಯುವುದಿಲ್ಲ. ಒಬ್ಬರ ಮನೆಗೆ ಹತ್ತು ಮನೆಯವರು ಮುಯ್ಯಾಳಾಗಿ ಹೋಗಿ ಆರಿಸಬೇಕು, ನಾಳೆ ಅವರು ಬರುತ್ತಾರೆ. ಲತಾಮಣಿ ಸಂಜೆಯ ಸೊಪ್ಪು ಹಾಕಿ, ಅತ್ತೆಯ ಜೊತೆ ಅಲ್ಲಿಗೆ ಹೋದಳು.

ನಯನಾ ಹತ್ತಿಯ ಸೀರೆ ಉಟ್ಟು, ಕಾಲು ತೊಳೆದು, ದೀಪದ ಸ್ಟ್ಯಾಂಡು ಹಿಡಿದು ಒಳಗೆ ಹೋದಳು. ದೀಪ ಹೊತ್ತಿದ ಕೂಡಲೇ ಸೊಳ್ಳೆಗಳು ಮುತ್ತಿದವು. ಪ್ರತಿ ಸಲ ಮಾತು ಶುರುಮಾಡಿದಾಗಲೂ ಕೆನ್ನೆಗೊಂದು, ಕತ್ತಿಗೊಂದು. ನಗುಮುಖ ನಿಲ್ಲಲಿಲ್ಲ. ಕಾಯಿಲ್ ಹಚ್ಚಬಾರದೆಂದು ಅವಳಿಗೆ ಗೊತ್ತಿತ್ತು. ಕಾಯಿಲ್ ಎಂದರೆ ಹೊಗೆ. ತನ್ನ ಕೋಣೆಯಲ್ಲಿದ್ದ ಸೊಳ್ಳೆ ಮಿಷನ್ನಿಗೆ ಹೊಗೆಯಿಲ್ಲ, ಬೂದಿಯಿಲ್ಲ, ವಾಸನೆಯೂ ಇಲ್ಲವೆನ್ನುವಷ್ಟು ಕಡಿಮೆ. ಪಟ್ಟಣದ ಮನೆಯಲ್ಲಿ ಹಸುಗೂಸಿನ ತಲೆದೆಸೆಯಲ್ಲೂ ಅದನ್ನು ಹಾಕಿದ್ದು ನೋಡಿ ಬೆಳೆದವಳು. ಹೊಗೆಯಿಲ್ಲದ್ದು ಏನು ಮಾಡೀತು? ತಂದು ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದಳು.

ಆಮೇಲೆ ಎಲ್ಲ ಸಲೀಸಾಯಿತು. ಒಂದು ತೆಕ್ಕೆ ಸೊಪ್ಪು ಹುಳದ ಮೇಲೆ ಹರಡಿ, ಕಿಟಕಿಯಾಚೆಯ ಮಬ್ಬನ್ನು ತೋರಿಸಿ, "ಬೆಳಗಿನ ಐದು ಗಂಟೆ. ನನ್ನ ದಿನ ಇಲ್ಲಿಂದ ಶುರು," ಎಂದಳು. ಮುಗಿಯುವ ಹೊತ್ತಿಗೆ ಚೈತನ್ಯನ ಫೋನ್ ಬಂತು. ಮಾತಾಡುತ್ತಲೇ ದೀಪದ ಸ್ಟ್ಯಾಂಡು ಎತ್ತಿಕೊಂಡು ಹೊರಬಂದು ಬಾಗಿಲು ಎಳೆದುಕೊಂಡಳು. ಅತ್ತೆ, ಲತಾಮಣಿ ತಡರಾತ್ರಿ ಬಂದು ಮಲಗುವಷ್ಟರಲ್ಲಿ ವಿಡಿಯೋ ಊರೂರು ಸುತ್ತತೊಡಗಿತ್ತು.

ನಸುಕಿನಲ್ಲಿ ಎಚ್ಚರವಾದಾಗ ನಯನಾಳಿಗೆ ಮೊದಲು ಏನು ಕಾಣೆಯಾಗಿದೆಯೆಂದು ತಿಳಿಯಲಿಲ್ಲ. ಹಿತ್ತಿಲ ಕಡೆಯಿಂದ ದಿನವೂ ಬರುತ್ತಿದ್ದ ಸರಸರ ಸದ್ದು ಇರಲಿಲ್ಲ.

ಅವಳು ಹೋಗಿ ನೋಡಿದಾಗ ಲತಾಮಣಿ ಅಟ್ಟಣೆಯ ಮುಂದೆ ಸೊಪ್ಪಿನ ಹೊರೆ ಹಿಡಿದೇ ನಿಂತಿದ್ದಳು. ನೆನ್ನೆ ಹಾಕಿದ ಎಲೆ ಹಾಗೇ ಬಿದ್ದಿತ್ತು. ಹುಳಗಳು ಸುರುಟಿಕೊಂಡಿದ್ದವು, ಬಾಯಿಂದ ಹಸಿರು ನೀರು. ಇನ್ನೂ ಜೀವವಿದ್ದ ಕೆಲವು ತಲೆ ಎತ್ತಿ ಗಾಳಿಯಲ್ಲಿ ಆಡಿಸುತ್ತಿದ್ದವು. ನಯನಾಳ ಕಣ್ಣು ತಾನಾಗಿ ಗೋಡೆಯ ಪ್ಲಗ್ಗಿಗೆ ಹೋಯಿತು. ಅಲ್ಲಿ ಏನೂ ಇರಲಿಲ್ಲ.

"ಅಕ್ಕ..."

ಲತಾಮಣಿ ಅವಳ ಕಡೆ ತಿರುಗಲಿಲ್ಲ.

ದೊಡ್ಡಲಕ್ಷ್ಮಮ್ಮ ಬಂದು ಬಾಗಿಲಲ್ಲೇ ತಲೆ ಮೇಲೆ ಕೈ ಹೊತ್ತು ಕೂತರು. "ಹಣ್ಣಾಗೋ ಹುಳ! ಎಂಥಾ ಹುಳ! ಏನ್ ಮಾಡ್ದೆ ನನ್ ತಾಯಿ? ನೆನ್ನೆ ಸೊಪ್ಪು ಎಲ್ಲಿ ಕುಯ್ದೆ? ಮೈಮೇಲೆ ನಿಗಾ ಇರ್ಲಿಲ್ವಾ? ಹೊರಗಾಗಿ ಒಳಕ್ ಬಂದಿದ್ಯಾ?"

ಲತಾಮಣಿ ಇಲ್ಲವೆಂದು ತಲೆಯಾಡಿಸಿದಳು.

"ಮತ್ತ್ಯಾಕೆ ಸತ್ವು? ಸುಮ್ಸುಮ್ನೆ ಸಾಯ್ತಾವಾ?"

ಅಶೋಕ್ ಬಂದು ಇಣುಕಿ ನೋಡಿ, "ಅತ್ಗೆ, ಒಸಿ ಹುಷಾರಾಗಿ ಇರ್ಬಾರ್ದಾ?" ಎಂದ. ಆಮೇಲೆ ಶೂ ಹಾಕಿಕೊಂಡು ಶಿಫ್ಟಿಗೆ ಹೋದ. ಡಬ್ಬಿ ಎಂದಿನಂತೆ ಕಟ್ಟಿಟ್ಟಿತ್ತು.

ನಯನಾ ಬಾಯಿ ತೆರೆದಳು. ಈಗ ಹೇಳುತ್ತೇನೆ, ಅತ್ತೆಯ ಅಳು ನಿಲ್ಲಲಿ ಎಂದುಕೊಂಡಳು. ಅಳು ನಿಂತಿತು, ಅಕ್ಕಪಕ್ಕದವರು ಬಂದರು. ಅವರು ಹೋಗಲಿ ಎಂದುಕೊಂಡಳು. ಅವರು ಹೋಗುವಾಗ ಒಯ್ದ ಮಾತು ಊರಲ್ಲಿ ತಿರುಗಿ, ಇನ್ನಷ್ಟು ಜನರನ್ನು ಕರೆದುಕೊಂಡು ಬಂತು.

ಕೋಣೆಗೆ ಬಂದಾಗ ಅವಳ ಮೇಜಿನ ಮೇಲೆ ಸೊಳ್ಳೆ ಮಿಷನ್ ಇತ್ತು. ಯಾರೋ ಅದನ್ನು ಒರೆಸಿ, ಎಣ್ಣೆಯ ಬುಡ್ಡಿಯ ಮುಚ್ಚಳ ತಿರುಗಿಸಿ, ಲ್ಯಾಪ್‌ಟಾಪಿನ ಪಕ್ಕ ನೇರವಾಗಿ ಇಟ್ಟಿದ್ದರು. ಬೈದಿದ್ದರೆ ತಿರುಗಿ ಏನಾದರೂ ಅನ್ನಬಹುದಿತ್ತು. ಎದುರಿಗೆ ಬಂದು ಎಸೆದಿದ್ದರೆ ಕಾಲು ಹಿಡಿಯಬಹುದಿತ್ತು.

ಫೋನು ಒಂದೇ ಸಮನೆ ಮಿನುಗುತ್ತಿತ್ತು. ಸತ್ತ ಹುಳಗಳು ವಿಡಿಯೋದಲ್ಲಿ ಇನ್ನೂ ಸರಸರನೆ ಸೊಪ್ಪು ತಿನ್ನುತ್ತಿದ್ದವು. 'ಅಕ್ಕ, ನೀವೇ ನನಗೆ ಸ್ಫೂರ್ತಿ' ಎಂದು ಒಬ್ಬಳು ಬರೆದಿದ್ದಳು. 'ನಾನೇ ಸೋಮಾರಿ' ಎಂದು ಇನ್ನೊಬ್ಬಳು.

ಮರುದಿನ ಬೆಳಿಗ್ಗೆ ಅವಳು ಕೊಟ್ಟಿಗೆಗೆ ಹೋದಳು. ದೊಡ್ಡಲಕ್ಷ್ಮಮ್ಮ ಹಸುವಿನ ಹಾಲು ಕರೆಯುತ್ತಿದ್ದರು.

"ಅತ್ತೆ, ಹುಳ ಸತ್ತಿದ್ದು ಅಕ್ಕನಿಂದಲ್ಲ. ನಾನು ವಿಡಿಯೋ ಮಾಡಕ್ಕೆ ಸೊಳ್ಳೆ ಮಿಷನ್ ಹಾಕಿದ್ದೆ. ತೆಗೆಯೋದು ಮರೆತೋದೆ."

ಹಾಲಿನ ಸದ್ದು ನಿಂತಿತು. ದೊಡ್ಡಲಕ್ಷ್ಮಮ್ಮ ಹಸುವಿನ ಹೊಟ್ಟೆಗೆ ಹಣೆ ಆನಿಸಿದರು.

"ಯಾರ್ಗಾದ್ರೂ ಹೇಳಿದ್ಯಾ?"

"ಇಲ್ಲ."

"ಹೇಳ್ಬ್ಯಾಡ."

"ಅತ್ತೆ, ಊರೆಲ್ಲಾ ಅಕ್ಕನ್ನ..."

"ಇಲ್ಲಿ ಕೇಳು ಮಗಾ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಮಗಳಿಗೆ ತಲೆ ಬಾಚುವಾಗ ಹೇಳುವ ದನಿ. "ನೀನು ಬಾಳೋವ್ಳು. ನಾಳೆ ಮಕ್ಳು ಮರಿ ಆಗ್ಬೇಕು. ಹುಳ ಕೊಂದೋಳು ಅಂತ ಒಂದ್ ಹೆಸ್ರು ಅಂಟ್ಕಂಡ್ರೆ ಅದು ಸಾಯೋಗಂಟ ಹೋಗಾಕಿಲ್ಲ. ಅವಳ್ಗೆ ಬರೋ ಹೆಸ್ರೆಲ್ಲಾ ಬಂದಾಗೈತೆ. ಇನ್ನೊಂದು ಸೇರ್ಕಂಡ್ರೆ ಅವಳ್ಗೇನ್ ಭಾರಾನಾ?"

ಹಾಲಿನ ಸದ್ದು ಮತ್ತೆ ಶುರುವಾಯಿತು.

"ಹುಳದ ಮನೆ ಕೆಳಗಲ ಬೀದಿ ಬಾಲರಾಜೂಗೆ ವಾರಕ್ ಕೊಟ್ಬುಡ್ತೀನಿ. ಅವ್ನು ಬೆಳೀಲಿ, ನಮಗೆ ಪಾಲು ಕೊಡ್ಲಿ. ಅವ್ಳು ಅಡ್ಗೆಮನೇಲಿ ಇರ್ತಾಳೆ. ನಿಂಗೂ ಕೆಲ್ಸಕ್ಕೆ ಅನ್ಕೂಲ ಆಯ್ತದೆ."

ನಯನಾ ಹೊರಗೆ ಬಂದಳು. ಎದೆ ಹಗುರಾಗಿತ್ತು. ಆ ಹಗುರವನ್ನು ಗುರುತಿಸಿದೊಡನೆ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಹೇಳಿಯಾಗಿದೆ, ಇನ್ನು ಅತ್ತೆಯ ಇಷ್ಟ, ಎಂದು ಒಳಗಿನಿಂದ ಯಾರೋ ಅಷ್ಟರಲ್ಲೇ ವಾದ ಹೂಡಿದ್ದರು. ಕೊಟ್ಟಿಗೆಯ ಗೋಡೆಯಾಚೆ ಲತಾಮಣಿ ಸಗಣಿಯ ಬುಟ್ಟಿ ಹಿಡಿದು ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಇಬ್ಬರ ಕಣ್ಣೂ ಸೇರಿದವು. ಲತಾಮಣಿ ಬುಟ್ಟಿ ಎತ್ತಿಕೊಂಡು ತಿಪ್ಪೆಯ ಕಡೆ ನಡೆದಳು.

ಸತ್ತ ಹುಳವನ್ನು ಹಾಗೇ ಎಸೆಯುವಂತಿಲ್ಲ. ಹಿತ್ತಿಲ ಕೊನೆಯಲ್ಲಿ ಗುಂಡಿ ತೋಡಿ, ಸುಣ್ಣ ಹಾಕಿ ಮುಚ್ಚಬೇಕು. ಹುಳ ಆರಿಸಲು ಮುಯ್ಯಾಳಾಗಿ ಬರಬೇಕಿದ್ದ ಹೆಂಗಸರು ಆ ದಿನ ಹುಳ ಹೂಳಲು ಬಂದರು. ಬುಟ್ಟಿ ಬುಟ್ಟಿಯಾಗಿ ಹೊತ್ತು ಸುರಿದರು. ಲತಾಮಣಿ ಸುಣ್ಣ ಎರಚುತ್ತಿದ್ದಳು.

"ಕೈಗುಣ ಕೈಗುಣ ಅಂತಿದ್ರಿ," ಎಂದರು ವರಲಕ್ಷ್ಮಮ್ಮ, ಯಾರಿಗೂ ಅಲ್ಲದಂತೆ. "ನೋಡ್ಕಳ್ರವ್ವ ಕೈಗುಣವಾ. ಮೊನ್ನೆ ನಮ್ಮನೆ ಹುಳಾನೂ ಮುಟ್ಟವ್ಳೆ. ಏನ್ ಗತಿಯೋ."

"ಹಂಗನ್ಬ್ಯಾಡ ಕಣಕ್ಕ," ಎಂದಳು ಒಬ್ಬಳು.

"ಅನ್ನದೇನು? ಹೊರಗಾಗಿದ್ಯೇನೆ ಲತಾ? ಆಗಿದ್ರೆ ಆಗಿದ್ದೆ ಅಂದ್ಬುಡು, ತಪ್ಪೊಪ್ಕಂಡ್ರೆ ದೇವ್ರೂ ಕ್ಷಮಿಸ್ತಾನೆ. ಬಾಯಲ್ಲೇನು ಅವರೆಕಾಳು ಮಡಿಕ್ಕಂಡಿದ್ದೀಯಾ?"

ಒಬ್ಬಿಬ್ಬರು ನಕ್ಕರು. ಲತಾಮಣಿ ಸುಣ್ಣದ ಬಾಣಲೆ ಕೆಳಗಿಟ್ಟಳು. ವರಲಕ್ಷ್ಮಮ್ಮನನ್ನು ನೋಡಲಿಲ್ಲ, ಅತ್ತೆಯನ್ನು ನೋಡಲಿಲ್ಲ. ನಯನಾಳನ್ನು ನೋಡಿದಳು. ಆ ನೋಟದಲ್ಲಿ ಬೇಡಿಕೆಯಿರಲಿಲ್ಲ. ವಿಡಿಯೋ ಮುಗಿಯಲೆಂದು ಗೋಡೆಗೊರಗಿ ಕಾಯುವಾಗಲೂ ಅವಳು ಹೀಗೇ ನೋಡುತ್ತಿದ್ದಳು. ಮುಗಿಯಿತೇ, ನಾನು ಅಲುಗಾಡಬಹುದೇ?

ನಯನಾ ಮನೆಯೊಳಗೆ ಹೋದಳು. ಹೊರಗೆ ಬಂದಾಗ ಅವಳ ಕೈಯಲ್ಲಿ ಮಿಷನ್ ಇತ್ತು.

"ಇದು ನಂದು. ಹುಳದ ಮನೇಲಿ ನಾನ್ ಹಾಕಿದ್ದು."

"ನಯ್ನಾ, ಒಳಕ್ ನಡಿ," ಎಂದರು ದೊಡ್ಡಲಕ್ಷ್ಮಮ್ಮ.

"ಮೊನ್ನೆ ಸಂಜೆ ಎಲ್ರೂ ನಿಮ್ಮನೇಲಿದ್ರಲ್ಲ ವರಲಕ್ಷ್ಮಮ್ಮಾರೆ, ಆಗ ಹಾಕ್ದೆ. ಬೆಳಿಗ್ಗೆ ಐದು ಗಂಟೆಗೆ ನಾನೇ ಸೊಪ್ಪು ಹಾಕ್ತೀನಿ ಅಂತ ತೋರ್ಸಕ್ಕೆ. ಹುಳಕ್ಕೆ ನಾನ್ ಯಾವತ್ತೂ ಸೊಪ್ಪು ಹಾಕಿಲ್ಲ. ಅಂಗಳ ಗುಡ್ಸಿಲ್ಲ. ಡಬ್ಬಿ ಕಟ್ಟಿಲ್ಲ. ಎಲ್ಲಾ ಅಕ್ಕಂದೇ."

ಹೊಸ ಸೊಸೆಯೊಬ್ಬಳು ಮೆಲ್ಲಗೆ, "ಅದು ಸಂಜೆನಾ?" ಎಂದಳು. "ನಮ್ಮನೇಲಿ ಅದನ್ನೇ ತೋರ್ಸಿ ನಂಗೆ ಬೈದ್ರಲ್ಲ, ನಯನಕ್ಕನ್ ನೋಡಿ ಕಲ್ತ್ಕೊ ಅಂತ."

ಈಗ ಮಾತು ತನ್ನ ಮೇಲೆ ಬೀಳುತ್ತದೆಂದು ನಯನಾ ಕಾದಳು. ಅದಕ್ಕೆ ಸಿದ್ಧಳಾಗಿಯೇ ಬಂದಿದ್ದಳು. ವರಲಕ್ಷ್ಮಮ್ಮ ಮಿಷನ್ನನ್ನೂ ಅವಳ ಮುಖವನ್ನೂ ನೋಡಿ, ಸೆರಗಿನಲ್ಲಿ ಕೈ ಒರೆಸಿಕೊಂಡರು.

"ಪ್ಯಾಟೆಲಿ ಬೆಳೆದ್ ಹುಡ್ಗಿ, ತಿಳೀದೆ ಮಾಡವ್ಳೆ. ಎಲ್ರ ಮನೇಲೂ ಆಯ್ತದೆ, ಬುಡಿ."

"ಔದೌದು, ಬೇಕಂತ ಮಾಡಿದ್ಲಾ?" ಎಂದಳು ಇನ್ನೊಬ್ಬಳು.

ಅಷ್ಟೇ. ಅದೇ ಹುಳ, ಅದೇ ಸಾವು. ಲತಾಮಣಿಗೆ ಇಷ್ಟು ಹೊತ್ತು ಸಿಗದಿದ್ದ ಕ್ಷಮೆ ನಯನಾಳಿಗೆ ಕೇಳುವ ಮೊದಲೇ ಸಿಕ್ಕಿತ್ತು. ಯಾರೂ ಲತಾಮಣಿಯ ಕಡೆ ತಿರುಗಿ ಒಂದು ಮಾತು ಆಡಲಿಲ್ಲ. ಹೆಂಗಸರು ಬುಟ್ಟಿ ಕೊಡವಿ, ಒಬ್ಬೊಬ್ಬರೇ ಮನೆಗೆ ಹೋದರು.

ಗುಂಡಿಗೆ ಮಣ್ಣು ಎಳೆಯುತ್ತ ಲತಾಮಣಿ ಮೊದಲ ಸಲ ಮಾತಾಡಿದಳು. "ಆ ಮಿಷನ್ನ ನಿನ್ ಮೇಜಿನ್ ಮೇಲೆ ಮಡಗಿದ್ದು ನೀನೇ ಹೇಳ್ತೀಯ ಅಂತ. ಅತ್ತೆ ಕಿವೀಲಿ ಹೇಳ್ಲಿ ಅಂತಲ್ಲ."

"ಅಕ್ಕ, ನೀವ್ಯಾಕೆ ಹೇಳ್ಲಿಲ್ಲ?"

"ನಾನ್ ಹೇಳಿದ್ರೆ ಓರಗಿತ್ತಿ ಮ್ಯಾಲೆ ಹೊಟ್ಟೆಕಿಚ್ಚು ಅಂತಿದ್ರು. ಹುಳ ಕೊಂದೋಳು ಅನ್ನಿಸ್ಕಳದು ವಾಸಿ."

ನಯನಾ ಅತ್ತೆಯ ಕಡೆ ತಿರುಗಿದಳು. "ಹುಳದ ಮನೆ ಬಾಲರಾಜಣ್ಣನಿಗೆ ಕೊಡ್ಬೇಡಿ ಅತ್ತೆ. ಮುಂದಿನ್ ಬೆಳೆಗೆ ಚಾಕಿ ನಾನ್ ತಂದ್ಕೊಡ್ತೀನಿ. ಅಕ್ಕನ ಹೆಸ್ರಲ್ಲೇ ಆಗ್ಲಿ."

ದೊಡ್ಡಲಕ್ಷ್ಮಮ್ಮ ಖಾಲಿ ಬುಟ್ಟಿಗಳನ್ನು ಎತ್ತಿಕೊಂಡು ಒಳಗೆ ಹೋದರು. ಲತಾಮಣಿ ಗುದ್ದಲಿ ಗೋಡೆಗೆ ಆನಿಸಿದಳು.

"ಚಾಕಿ ತರದು ದೊಡ್ದಲ್ಲ ನಯನಾ. ಸೊಪ್ ಕುಯ್ಯಕ್ ಬತ್ತೀಯಾ?"

ಆ ದಿನವೇ ನಯನಾ ವಿಡಿಯೋ ತೆಗೆದುಹಾಕಿದಳು. "ಓಡ್ತಿರೋ ವಿಡಿಯೋನ ಯಾರಾದ್ರೂ ಕಿತ್ತಾಕ್ತಾರಾ ಮೇಡಂ?" ಎಂದು ಚೈತನ್ಯ ಫೋನಿನಲ್ಲಿ ಕೂಗಾಡಿದ. ಹೊಸ ಪ್ಲಾನರ್ ಬಿಡುವುದು ನಿಂತಿತು. ಬೆಳಗಾದರೆ ಅವಳು ಲತಾಮಣಿಯ ಹಿಂದೆ ತೋಟಕ್ಕೆ ಹೋಗತೊಡಗಿದಳು. ಹುಳವಿಲ್ಲದಿದ್ದರೂ ಬಲಿತ ಸೊಪ್ಪು ಕುಯ್ದು ಹಸುವಿಗೆ ಹಾಕಿ, ಮುಂದಿನ ಬೆಳೆಗೆ ಹೊಸ ಚಿಗುರು ಬರಿಸಬೇಕಿತ್ತು. ಹಿಪ್ಪುನೇರಳೆಯ ಕಡ್ಡಿ ಕುಯ್ಯುವ ಕೈ ಅವಳಿಗೆ ಬರುತ್ತಿರಲಿಲ್ಲ. ಕುಡುಗೋಲು ಬೆರಳು ಮುಟ್ಟಿ ಬರುತ್ತಿತ್ತು. ಲತಾಮಣಿ ನಗಲೂ ಇಲ್ಲ, ಪಾಪವೆನ್ನಲೂ ಇಲ್ಲ. ಹಳೆಯ ಬಟ್ಟೆಯ ಚೂರು ಹರಿದು ಕೊಟ್ಟು ಮುಂದಿನ ಸಾಲಿಗೆ ಹೋಗುತ್ತಿದ್ದಳು. ಬಾಲರಾಜು ಎರಡು ಸಲ ಬಂದು ಹುಳದ ಮನೆಯ ಮಾತೆತ್ತಿದಾಗ ದೊಡ್ಡಲಕ್ಷ್ಮಮ್ಮ, "ನೋಡವ ತಡಿಯಪ್ಪ," ಎಂದಷ್ಟೇ ಹೇಳಿ ಕಳಿಸಿದರು. ಹೊಸ ಚಾಕಿ ಬರುವ ದಿನ ಇನ್ನೂ ದೂರವಿತ್ತು.

ಒಂದು ಬೆಳಿಗ್ಗೆ ತೋಟದಿಂದ ಬಂದು ಕೈಕಾಲು ತೊಳೆದ ನಯನಾ, ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಫೋನ್ ತೆಗೆದಳು. ಶರ್ಫುನ್ನೀಸಾಳ ಮೆಸೇಜನ್ನು ಮತ್ತೆ ಕೇಳಿದಳು. ಈ ಸಲ ಕೊನೆಯತನಕ ಕೇಳಿದಳು. ಆಮೇಲೆ ಮೈಕಿನ ಗುರುತಿನ ಮೇಲೆ ಬೆರಳೊತ್ತಿ ಹಿಡಿದಳು.

"ಶರ್ಫುನ್ನೀಸಾ ಅವ್ರೆ, ನಾನು ನಯನಾ. ಎಲ್ಲಾ ಹೆಂಗೆ ಮಾಡ್ತೀರ ಅಂತ ಕೇಳಿದ್ರಲ್ಲ. ನಾನ್ ಮಾಡ್ತಿರ್ಲಿಲ್ಲ. ನಮ್ಮನೇಲಿ ಬೇರೆಯವ್ರು ಮಾಡ್ತಿದ್ರು, ನಾನು ಅವ್ರನ್ನ ತೋರಿಸ್ಲಿಲ್ಲ. ನಿಮ್ಮಲ್ಲಿ ಏನೂ ಕಮ್ಮಿ ಇಲ್ಲ..."

ಬೆರಳು ಒತ್ತಿಯೇ ಇತ್ತು. ಅಷ್ಟರಲ್ಲಿ ಒಲೆಯ ಮೇಲಿನ ವಿಸಿಲ್ ನಡುಗತೊಡಗಿತು. ಲತಾಮಣಿ ಸಾರಿನ ಸೊಪ್ಪು ಹೆಚ್ಚುವುದನ್ನು ಬಿಟ್ಟು ಎದ್ದಳು. ಫೋನಿನ ಕಡೆ ನೋಡಿದಳು. ಅವಳ ಕೈ ಗ್ಯಾಸಿನ ಕಿವಿಗೆ ಹೋಯಿತು.

ನಯನಾ ಬೇಡವೆಂದು ತಲೆಯಾಡಿಸಿದಳು.

ಲತಾಮಣಿಯ ಕೈ ಅಲ್ಲೇ ನಿಂತಿತು. ಕುಕ್ಕರ್ ಕೂಗಿತು. ಉದ್ದಕ್ಕೆ, ಪಡಸಾಲೆ ದಾಟಿ, ಹಿತ್ತಿಲಿನ ಖಾಲಿ ಹುಳದ ಮನೆಯವರೆಗೂ ಕೇಳುವಂತೆ ಕೂಗಿತು. ಅದು ನಿಂತ ಮೇಲೆ ಅವಳು ಕೈಯನ್ನು ಸೆರಗಿಗೆ ಒರೆಸಿಕೊಂಡಳು.

"ಅಭ್ಯಾಸ ಆಗೋಗೈತೆ," ಎಂದಳು, ಯಾರಿಗೆಂದಿಲ್ಲದೆ.

ಆ ಮಾತೂ ಮೆಸೇಜಿನೊಳಗೆ ಸೇರಿತು. ನಯನಾ ಅದನ್ನು ಅಳಿಸಲಿಲ್ಲ. ಹಾಗೇ ಬೆರಳು ಬಿಟ್ಟಳು.